ಬಾಗಿಲಿನ ಹಿಡಿ ಕಿತ್ತುಬಂದಾಗ



ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಬಾಗಿಲಿನಷ್ಟು ದುಡಿಯುವ ಮರದ ವಸ್ತು ಮತ್ತೊಂದಿಲ್ಲ. ಒಂದು ತರಗತಿಯ ಬಾಗಿಲನ್ನು ದಿನಕ್ಕೆ 50 ಸಲ ತೆರೆದು ಮುಚ್ಚುತ್ತೇವೆ ಎಂದು ಭಾವಿಸೋಣ. ಶಾಲೆ ನಡೆಯುವ ದಿನಗಳು ವರ್ಷಕ್ಕೆ 200 ಎಂದಿಟ್ಟುಕೊಂಡರೆ 10,000 ಸಲವಾಯಿತು. ಅಷ್ಟೂ ಸಲ ನಮ್ಮ ಕೈ ಬೀಳುವುದು ಒಂದೇ ಜಾಗದ ಮೇಲೆ, ಅಂದರೆ ಹಿಡಿಯ ಮೇಲೆ. ಆದುದರಿಂದ ಬಾಗಿಲು ಹಾಳಾಗತೊಡಗಿದರೆ ಹೆಚ್ಚಾಗಿ ಹಿಡಿಯ ಸುತ್ತಲಿನ ಮರವೇ ಮೊದಲು ಸೋಲುತ್ತದೆ. ಅದನ್ನು ಸರಿಪಡಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಆದರೆ ಹಾಳಾದುದೇಕೆ ಎಂದು ಮೊದಲು ಕೇಳದೆ ಸರಿಪಡಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ನಾವು ನಮ್ಮ ಶಾಲೆಯಲ್ಲೇ ಕಲಿತೆವು. ಅಲ್ಲಿಂದಲೇ ಆರಂಭಿಸೋಣ.

ಎಂಟನೆಯ ತರಗತಿಯ ಬಾಗಿಲು

ಕಾಸರಗೋಡಿನ ಮಳೆ ನಿಮಗೆ ಹೊಸತಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಈ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಂದುಹೋಗುತ್ತದೆ. ಅಂತಹ ಒಂದು ಜುಲೈ ತಿಂಗಳ ಬೆಳಿಗ್ಗೆ ಎಂಟನೆಯ ತರಗತಿಯ ಹುಡುಗನೊಬ್ಬ ಬಾಗಿಲಿನ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮೆದುರು ನಿಂತಿದ್ದ. ಹಿಡಿಯ ನಾಲ್ಕು ತಿರುಪುಮೊಳೆಗಳೊಡನೆ ಅಂಗೈಯಷ್ಟಗಲದ ಮರವೂ ಚಕ್ಕೆ ಚಕ್ಕೆಯಾಗಿ ಎದ್ದುಬಂದಿತ್ತು.

ನಾವು ಗದರಿದೆವು, ಇಡೀ ತರಗತಿಯ ಎದುರಿನಲ್ಲಿಯೇ ಗದರಿದೆವು. "ಮಾಷ್ಟ್ರೇ, ಅದು ಮೊದಲೇ ಅಲ್ಲಾಡುತ್ತಿತ್ತು" ಎಂದಷ್ಟೇ ಅವನು ಹೇಳಿದ. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಪೇಟೆಯಿಂದ ಹೊಸ ಹಿಡಿ ತರಿಸಿ, ಹಳೆಯ ಜಾಗಕ್ಕಿಂತ ತುಸು ಮೇಲೆ, ಇನ್ನೂ ಉದ್ದದ ತಿರುಪುಮೊಳೆ ಹಾಕಿ ಬಿಗಿಸಿದೆವು. ಕೆಲಸ ಮುಗಿಯಿತೆಂದುಕೊಂಡೆವು. ಮೂರು ವಾರ ಕಳೆಯುವುದರೊಳಗೆ ಆ ಹಿಡಿಯೂ ಕಿತ್ತುಬಂತು. ಈ ಸಲ ಅದು ಬಂದದ್ದು ನಮ್ಮ ಕೈಗೇ!

ಆಗ ನೆರೆಯ ಹಿರಿಯ ಬಡಗಿಯೊಬ್ಬರನ್ನು ಕರೆಸಿದೆವು. ಅವರು ಹಿಡಿಯತ್ತ ನೋಡಲೇ ಇಲ್ಲ. ಬಾಗಿಲನ್ನು ಅರ್ಧ ತೆರೆದು, ಅದರ ಕೆಳ ಅಂಚಿಗೆ ಪಾದ ಕೊಟ್ಟು ಮೆಲ್ಲನೆ ಎತ್ತಿ, ಕಣ್ಣನ್ನು ಮೇಲಿನ ಬಿಜಾಗ್ರಿಯ ಮೇಲೆ ಇಟ್ಟರು. ಬಿಜಾಗ್ರಿಯ ತಿರುಪುಮೊಳೆಗಳು ರಂಧ್ರದೊಳಗೆ ಹೊರಗೆ ಓಡಾಡುತ್ತಿದ್ದವು. "ಹಿಡಿಯದ್ದೇನೂ ತಪ್ಪಿಲ್ಲ, ಕದ ಜೋತುಬಿದ್ದಿದೆ" ಎಂದರು.

ನೋವು ಒಂದೆಡೆ, ಕಾರಣ ಇನ್ನೊಂದೆಡೆ

ಬಡಗಿಯವರ ಆ ಒಂದು ಮಾತಿನ ಹಿಂದೆ ನೀವು ಭೌತಶಾಸ್ತ್ರದಲ್ಲಿ ಓದುವ ಸನ್ನೆಯ ನಿಯಮವಿದೆ. ನಮ್ಮ ಬಾಗಿಲಿನ ಕದ 90 ಸೆಂಟಿಮೀಟರ್ ಅಗಲ. ತೂಕ ಸುಮಾರು 30 ಕಿಲೋ ಎಂದಿಟ್ಟುಕೊಳ್ಳಿ. ಈ ತೂಕವೆಲ್ಲ ಕದದ ನಡುವೆ, ಅಂದರೆ ಬಿಜಾಗ್ರಿಯಿಂದ 45 ಸೆಂಟಿಮೀಟರ್ ದೂರದಲ್ಲಿ ಕೇಂದ್ರೀಕರಿಸಿದೆ ಎಂದು ಎಣಿಸಬಹುದು. ಮೇಲಿನ ಮತ್ತು ಕೆಳಗಿನ ಬಿಜಾಗ್ರಿಗಳ ನಡುವಿನ ಅಂತರ 150 ಸೆಂಟಿಮೀಟರ್. ಹಾಗಾದರೆ 30ನ್ನು 45ರಿಂದ ಗುಣಿಸಿ 150ರಿಂದ ಭಾಗಿಸಿ. ಉತ್ತರ 9. ಅಂದರೆ ಯಾರೂ ಮುಟ್ಟದೆ ಬಾಗಿಲು ಸುಮ್ಮನಿದ್ದಾಗಲೂ ಮೇಲಿನ ಬಿಜಾಗ್ರಿಯನ್ನು 9 ಕಿಲೋ ತೂಕದಷ್ಟು ಬಲ ದಾರಂದದಿಂದ ಹೊರಕ್ಕೆ ಎಳೆಯುತ್ತಲೇ ಇರುತ್ತದೆ. ಕೆಳಗಿನ ಬಿಜಾಗ್ರಿಯನ್ನು ಅಷ್ಟೇ ಬಲ ಒಳಕ್ಕೆ ಒತ್ತುತ್ತದೆ. ಆದುದರಿಂದ ಸಡಿಲಗೊಳ್ಳುವ ಸರದಿ ಸಾಮಾನ್ಯವಾಗಿ ಮೇಲಿನದಕ್ಕೇ ಮೊದಲು ಬರುತ್ತದೆ.

ಮೇಲಿನ ಬಿಜಾಗ್ರಿ ಎರಡು ಮಿಲಿಮೀಟರ್ ಸಡಿಲಗೊಂಡರೂ ಕದದ ಹೊರ ಅಂಚು ಕೆಳಗೆ ಇಳಿಯುತ್ತದೆ. ಚಿಲಕ ತನ್ನ ರಂಧ್ರಕ್ಕೆ ನೇರವಾಗಿ ಬೀಳುವುದಿಲ್ಲ. ಅದಕ್ಕಾಗಿ ಮಕ್ಕಳು ಹಿಡಿಯನ್ನು ಹಿಡಿದು ಕದವನ್ನೇ ಎತ್ತಿ ಎತ್ತಿ ಎಳೆಯುತ್ತಾರೆ. ಹಿಡಿ ಇರುವುದು ಬಾಗಿಲನ್ನು ತಿರುಗಿಸುವುದಕ್ಕೆ, ಅದರ ಭಾರ ಹೊರುವುದಕ್ಕಲ್ಲ. ದಿನವೂ ಭಾರ ಹೊತ್ತು ಅದರ ತಿರುಪುಮೊಳೆಗಳು ಸಡಿಲವಾದವು. ಸಡಿಲವಾದ ರಂಧ್ರದೊಳಗೆ ಇರಚಲು ನೀರು ಇಳಿಯಿತು. ನೀರಿನಿಂದ ಮೊಳೆ ತುಕ್ಕು ಹಿಡಿಯಿತು, ಸುತ್ತಲಿನ ಮರ ಕಪ್ಪಾಗಿ ಮೆತ್ತಗಾಯಿತು. ಕೊನೆಗೊಂದು ದಿನ ಯಾರ ಕೈಯಲ್ಲಿ ಅದು ಬಂತೋ ಅವನೇ ಅಪರಾಧಿಯಾದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾವು ವರ್ಷ ವರ್ಷವೂ ತರಗತಿಯಲ್ಲಿ ವಿವರಿಸುತ್ತ ಬಂದವರು. ಆ ಜುಲೈಯಲ್ಲಿ ಎರಡು ಬರೆ ಹಾಕಿದವರೂ ನಾವೇ. ಒಂದು ಹಿಡಿಗೆ, ಇನ್ನೊಂದು ಆ ಹುಡುಗನಿಗೆ. ಮರುದಿನ ಅದೇ ತರಗತಿಗೆ ಹೋಗಿ ತಪ್ಪಾಯಿತೆಂದು ಅವನಿಗೆ ಹೇಳಿದೆವು. ಗದರಿದ್ದು ಎಲ್ಲರೆದುರಾದರೆ ತಿದ್ದಿಕೊಳ್ಳುವುದೂ ಎಲ್ಲರೆದುರೇ ಆಗಬೇಕಷ್ಟೆ.

ಮಳೆಗಾಲದಲ್ಲಿ ಬಾಗಿಲು ಏಕೆ ಬಿಗಿಯಾಗುತ್ತದೆ?

ಹಿಡಿಯ ಮೇಲೆ ಬೀಳುವ ಎರಡನೆಯ ಕಷ್ಟ ಮಳೆಗಾಲದ್ದು. ಕಡಿದು ಒಣಗಿಸಿದ ಮರವೂ ಗಾಳಿಯಲ್ಲಿನ ತೇವವನ್ನು ಹೀರುತ್ತದೆ, ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. ಹೀರಿದಾಗ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ವಿಶೇಷವೆಂದರೆ ಈ ಹಿಗ್ಗು ಕುಗ್ಗು ಎಲ್ಲ ದಿಕ್ಕಿನಲ್ಲೂ ಸಮನಾಗಿಲ್ಲ. ಮರದ ಎಳೆ ಓಡುವ ಉದ್ದಕ್ಕೆ ಅದು ತೀರ ಅಲ್ಪ. ಎಳೆಗೆ ಅಡ್ಡಲಾಗಿಯೇ ಹೆಚ್ಚು. ಆದುದರಿಂದ ಬಾಗಿಲು ಉದ್ದದಲ್ಲಿ ಬೆಳೆಯುವುದಿಲ್ಲ, ಅಗಲದಲ್ಲಿ ಬೆಳೆಯುತ್ತದೆ.

ಇದನ್ನೂ ಲೆಕ್ಕ ಹಾಕಬಹುದು. ತೇಗವನ್ನು ಶಾಂತ ಸ್ವಭಾವದ ಮರವೆಂದು ಬಡಗಿಗಳು ಮೆಚ್ಚುತ್ತಾರೆ. ಆ ತೇಗವೂ ಶೇಕಡಾ 30 ತೇವದಿಂದ ಪೂರ್ತಿ ಒಣಗುವವರೆಗೆ, ಬೆಳವಣಿಗೆಯ ಉಂಗುರಗಳು ಸಾಗುವ ದಿಕ್ಕಿನಲ್ಲಿ, ಸುಮಾರು ಶೇಕಡಾ 5ರಷ್ಟು ಕುಗ್ಗುತ್ತದೆ. ಅಂದರೆ ತೇವದಲ್ಲಿ 6 ಅಂಶಗಳ ವ್ಯತ್ಯಾಸಕ್ಕೆ ಅಗಲದಲ್ಲಿ ಶೇಕಡಾ 1. ಬೇಸಗೆಯಲ್ಲಿ ಶೇಕಡಾ 12 ತೇವವಿದ್ದ ಕದ ಮಳೆಗಾಲದಲ್ಲಿ ಶೇಕಡಾ 18ಕ್ಕೆ ಏರಿದರೆ 90 ಸೆಂಟಿಮೀಟರ್ ಅಗಲದ ಬಾಗಿಲು 9 ಮಿಲಿಮೀಟರಿನಷ್ಟು ಬೆಳೆಯಬಹುದು. ಹಲಗೆಗಳ ನಡುವಿನ ಸಂದುಗಳು ಅದರಲ್ಲಿ ಒಂದು ಪಾಲನ್ನು ನುಂಗಿಕೊಳ್ಳುತ್ತವೆ. ಉಳಿದದ್ದು ದಾರಂದಕ್ಕೆ ಒತ್ತಿ ನಿಲ್ಲುತ್ತದೆ. ಆಗ ನಾವು ಹಿಡಿಯನ್ನು ಹಿಡಿದು ಜಗ್ಗುತ್ತೇವೆ.

ಮರದ ತೇವ ಶೇಕಡಾ 20ನ್ನು ಮೀರಿ ಬಹುಕಾಲ ನಿಂತರೆ ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ಅನುಕೂಲವಾಗುತ್ತದೆ. ಒಣ ಮರವನ್ನು ಅವು ತಿನ್ನಲಾರವು. ಆದುದರಿಂದ ಬಾಗಿಲನ್ನು ಉಳಿಸುವುದೆಂದರೆ ಬಹುಮಟ್ಟಿಗೆ ಅದರೊಳಗೆ ನೀರು ನಿಲ್ಲದಂತೆ ನೋಡಿಕೊಳ್ಳುವುದೇ ಆಗಿದೆ.

ದುರಸ್ತಿಯ ಕ್ರಮ

ನಮ್ಮ ಬಾಗಿಲನ್ನು ತಕ್ಷಣ ಸರಿಪಡಿಸಲು ಬಡಗಿಯವರು ಒಪ್ಪಲಿಲ್ಲ. ಉಬ್ಬಿದ ಮರದಲ್ಲಿ ತೇಪೆ ಕೂರಿಸಿದರೆ ಅದು ಕುಗ್ಗಿದಾಗ ಸಂದು ಬಿಡುತ್ತದೆ. ಬಿಜಾಗ್ರಿಯನ್ನು ಮಾತ್ರ ಅಂದೇ ಬಿಗಿಮಾಡಿ, ಹಿಡಿಯ ಜಾಗಕ್ಕೆ ಒಂದು ಹಗ್ಗದ ಕುಣಿಕೆ ಕಟ್ಟಿ ಹೋದರು. ಕ್ರಿಸ್ಮಸ್ ರಜೆಯವರೆಗೆ ಎಂಟನೆಯ ತರಗತಿ ಹಗ್ಗ ಎಳೆದೇ ಒಳಗೆ ಹೋಯಿತು. ಡಿಸೆಂಬರಿನ ಒಣ ಹವೆಯಲ್ಲಿ ನಡೆದ ಕೆಲಸದ ಕ್ರಮ ಹೀಗಿತ್ತು.

1. ಪರೀಕ್ಷೆ. ಹಿಡಿಯ ಸುತ್ತಲಿನ ಮರವನ್ನು ದಬ್ಬಳದಿಂದ ಚುಚ್ಚಿ ನೋಡಬೇಕು. ಗಟ್ಟಿ ಮರ ತಡೆಯುತ್ತದೆ. ಕೊಳೆತದ್ದು ಒಳಗೆ ಬಿಡುತ್ತದೆ. ಬೆರಳಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ, ದಾರಂದದ ಬುಡದಲ್ಲಿ ಮಣ್ಣಿನ ಗೆರೆಗಳು ಕಂಡರೆ ಗೆದ್ದಲಿನ ಸಂಶಯ ಪಡಬೇಕು. ಗೆದ್ದಲನ್ನು ನಿವಾರಿಸದೆ ತೇಪೆ ಹಾಕುವುದು ವ್ಯರ್ಥ.

2. ಬಿಜಾಗ್ರಿ. ಸಡಿಲವಾದ ರಂಧ್ರಗಳಿಗೆ ಒಣ ಮರದ ಸಣ್ಣ ಕಡ್ಡಿಗಳನ್ನು ಅಂಟು ಸವರಿ ಬಿಗಿಯಾಗಿ ಬಡಿದು, ಅಂಟು ಒಣಗಿದ ಮೇಲೆ ಮಟ್ಟಸವಾಗಿ ಕತ್ತರಿಸಿ, ಹೊಸದಾಗಿ ರಂಧ್ರ ಕೊರೆಯಬೇಕು. ಹಳೆಯದಕ್ಕಿಂತ ಉದ್ದದ ತಿರುಪುಮೊಳೆ ಹಾಕಿದರೆ ಅದು ಒಳಗಿನ ಹೊಸ ಮರವನ್ನು ಹಿಡಿಯುತ್ತದೆ. ನಮ್ಮ ಬಾಗಿಲಿನಲ್ಲಿ ಇದು ಮೊದಲೇ ಮುಗಿದಿತ್ತು. ನಿಮ್ಮಲ್ಲಿ ಆಗಿಲ್ಲದಿದ್ದರೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ.

3. ಕೆಟ್ಟ ಮರವನ್ನು ತೆಗೆಯುವುದು. ಹಾಳಾದ ಭಾಗದ ಸುತ್ತ, ಗಟ್ಟಿ ಮರದೊಳಕ್ಕೆ ಒಂದು ಸೆಂಟಿಮೀಟರ್ ಹೋಗುವಂತೆ ಪೆನ್ಸಿಲಿನಿಂದ ಗೆರೆ ಹಾಕಬೇಕು. ನಮ್ಮ ಗೆರೆ 24 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲವಿತ್ತು. ಆಕಾರ ಚೌಕವಲ್ಲ. ಮೇಲೆ ಕೆಳಗೆ ಓರೆಯಾಗಿ ಚೂಪಾಗುವ, ದೋಣಿಯಂತಹ ಆಕಾರ. ಇದು ಅಂದಕ್ಕಾಗಿ ಅಲ್ಲ. ಎಳೆಗಳು ಕಡಿದು ನಿಂತ ತುದಿಗೆ ಅಂಟು ಚೆನ್ನಾಗಿ ಹಿಡಿಯುವುದಿಲ್ಲ. ಎಳೆಯ ಪಕ್ಕಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ. ತುದಿಯನ್ನು ಓರೆ ಮಾಡಿದಷ್ಟೂ ಎಳೆಯ ಪಕ್ಕ ಹೆಚ್ಚು ಸಿಗುತ್ತದೆ. ಗೆರೆಯ ಒಳಗಿನ ಮರವನ್ನು ಚೂಪಾದ ಉಳಿಯಿಂದ ಒಂದೂವರೆ ಸೆಂಟಿಮೀಟರ್ ಆಳಕ್ಕೆ ಸಮನಾಗಿ ಕೆತ್ತಿ ತೆಗೆದರು. ಕದದ ದಪ್ಪ 3 ಸೆಂಟಿಮೀಟರ್. ಹಿಂಭಾಗದ ಅರ್ಧ ಗಟ್ಟಿಯಾಗಿಯೇ ಇತ್ತು.

4. ತೇಪೆಯ ಮರ. ಬಾಗಿಲು ಹಲಸಿನದ್ದು, ತೇಪೆಯೂ ಹಲಸಿನದ್ದೇ ಆಗಬೇಕು. ಶಾಲೆಯ ಮೂಲೆಯಲ್ಲಿ ಬಿದ್ದಿದ್ದ ಮುರಿದ ಬೆಂಚೊಂದರ ಹಲಗೆ ಒದಗಿಬಂತು. ವರ್ಷಗಟ್ಟಲೆ ಒಣಗಿದ ಮರ ಅದು. ಬಾಗಿಲಿನ ಎಳೆ ಮೇಲಿನಿಂದ ಕೆಳಗೆ ಓಡುವುದಾದರೆ ತೇಪೆಯ ಎಳೆಯೂ ಹಾಗೆಯೇ ಓಡಬೇಕು. ಅಡ್ಡ ಇಟ್ಟರೆ ಬಾಗಿಲು ಅಗಲಕ್ಕೆ ಉಬ್ಬುವಾಗ ತೇಪೆ ಅದರ ಜೊತೆಗೆ ಹೋಗುವುದಿಲ್ಲ. ಒಂದೆರಡು ಮಳೆಗಾಲದಲ್ಲೇ ಬಿರುಕು ಖಂಡಿತ.

5. ಕೂರಿಸಿ ನೋಡುವುದು. ಇಲ್ಲಿ ನಮ್ಮ ಶಾಲೆಯ ಸೀಮೆಸುಣ್ಣಕ್ಕೆ ಒಂದು ಹೊಸ ಉದ್ಯೋಗ ಸಿಕ್ಕಿತು. ತಗ್ಗಿನ ಅಂಚಿಗೆಲ್ಲ ಸೀಮೆಸುಣ್ಣ ಉಜ್ಜಿ, ತೇಪೆಯನ್ನು ಅದರೊಳಗೆ ಒತ್ತಿ ತೆಗೆದಾಗ, ಎಲ್ಲಿ ಎಲ್ಲಿ ಮರ ತಗಲುತ್ತದೆಯೋ ಅಲ್ಲೆಲ್ಲ ಬಿಳಿ ಗುರುತು ಮೂಡುತ್ತದೆ. ಗುರುತಿದ್ದಲ್ಲಿ ಮಾತ್ರ ಕೂದಲೆಳೆಯಷ್ಟು ಕೆತ್ತಬೇಕು. ಮತ್ತೆ ಒತ್ತಬೇಕು, ಮತ್ತೆ ತೆಗೆಯಬೇಕು. ನಾವು ಎಣಿಸಿದೆವು: ಹನ್ನೊಂದು ಸಲ. ಅಂಟು ಸಂದನ್ನು ತುಂಬುತ್ತದೆ ಎಂದು ಅವಸರ ಪಡುವವರಿಗೆ ಈ ಹೆಜ್ಜೆಯಲ್ಲೇ ಸೋಲು. ಬಿಳಿ ಅಂಟಿಗೆ ಬಲ ಬರುವುದು ಮರಕ್ಕೆ ಮರ ತಾಗಿದಾಗ.

6. ಅಂಟಿಸುವುದು. ಸುಣ್ಣವನ್ನು ಒರಸಿ, ಎರಡೂ ಮೈಗೆ ತೆಳುವಾಗಿ ಅಂಟು ಸವರಿ, ತೇಪೆಯನ್ನು ಕೂರಿಸಿ, ಮೇಲೊಂದು ಹಲಗೆಯಿಟ್ಟು ಬಿಗಿದು 24 ಗಂಟೆ ಬಿಡಬೇಕು. ಹಿಂದಿನವರು ಪ್ರಾಣಿಗಳ ಚರ್ಮ, ಎಲುಬುಗಳಿಂದ ಮಾಡಿದ ಮರವಜ್ರವನ್ನು ಬಿಸಿನೀರಿನಲ್ಲಿ ಕರಗಿಸಿ ಬಳಸುತ್ತಿದ್ದರು. ಅದು ತೇವಕ್ಕೆ ಸೋಲುತ್ತದೆ. ಸಾಮಾನ್ಯ ಬಿಳಿ ಅಂಟೂ ನೀರು ಬಿದ್ದರೆ ಮೆದುವಾಗುತ್ತದೆ. ಮಳೆಗೆ ಮುಖ ಮಾಡಿದ ಬಾಗಿಲಿಗೆ ನೀರು ತಡೆಯುವ ಬಗೆಯ ಅಂಟನ್ನೇ ಕೇಳಿ ತರಬೇಕು. ಎರಡು ದ್ರವಗಳನ್ನು ಬೆರಸಿ ಬಳಸುವ ಎಪಾಕ್ಸಿಯೂ ಆಗಬಹುದು.

7. ಮಟ್ಟ ಮಾಡುವುದು. ತೇಪೆಯನ್ನು ಬಾಗಿಲಿಗಿಂತ ಒಂದೆರಡು ಮಿಲಿಮೀಟರ್ ಎತ್ತರವಾಗಿಯೇ ಬಿಟ್ಟಿರಬೇಕು. ಅಂಟು ಒಣಗಿದ ಮೇಲೆ ಕೀಸುಳಿಯಿಂದ ಎಳೆಯ ದಿಕ್ಕಿನಲ್ಲೇ ಕೀಸಿ ಸಮ ಮಾಡಬೇಕು. ಎಲ್ಲಾದರೂ ಕೂದಲು ಸಂದು ಕಂಡರೆ ಅದೇ ಮರದ ನುಣ್ಣನೆಯ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಬಹುದು. ಆದರೆ ಹಿಡಿಯ ತಿರುಪುಮೊಳೆಯನ್ನು ಈ ಹುಡಿಯ ಮೇಲೆ ನಂಬಿ ನಿಲ್ಲಿಸಬಾರದು.

8. ಹಿಡಿ ಜೋಡಿಸುವುದು. ತಿರುಪುಮೊಳೆಗೆ ಮೊದಲು ಬೈರಿಗೆಯಿಂದ ರಂಧ್ರ ಕೊರೆಯಬೇಕು. ರಂಧ್ರ ಮೊಳೆಯ ತಿರುಳಿನಷ್ಟು ಇರಲಿ, ತಿರುಪಿನಷ್ಟು ಬೇಡ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಮರದ ಎಳೆ ಕಡಿದುಹೋಗಿ ಹಿಡಿತವೇ ಇರುವುದಿಲ್ಲ. ಮೊಳೆಗೆ ತುಸು ಮೇಣ ಸವರಿದರೆ ಸುಲಭವಾಗಿ ಇಳಿಯುತ್ತದೆ. ಹೆಚ್ಚು ಬಳಕೆಯ ಬಾಗಿಲಾದ್ದರಿಂದ ನಮ್ಮ ಬಡಗಿಯವರು ತಿರುಪುಮೊಳೆಯನ್ನು ಬಿಟ್ಟು, ಕದದ ಹಿಂಬದಿಯವರೆಗೂ ಹೋಗುವ ಬೋಲ್ಟುಗಳನ್ನು ಅಗಲ ವಾಷರಿನೊಡನೆ ಹಾಕಿದರು. ಆಗ ಎಳೆತದ ಬಲ ತೇಪೆಯ ಮೇಲಷ್ಟೇ ಬೀಳದೆ ಇಡೀ ಹಲಗೆಗೆ ಹಂಚಿಹೋಗುತ್ತದೆ.

9. ರಕ್ಷಣೆ. ರಂಧ್ರದ ಒಳಮೈಗೂ ಬಣ್ಣವೋ ಅಗಸೆ ಎಣ್ಣೆಯೋ ತಾಗಬೇಕು. ಯಾರ ಕಣ್ಣಿಗೂ ಬೀಳದ ಕದದ ಮೇಲಂಚು ಮತ್ತು ಕೆಳಂಚಿಗೆ ಮರೆಯದೆ ಬಳಿಯಬೇಕು. ಮರ ನೀರನ್ನು ಅತಿ ಬೇಗ ಕುಡಿಯುವುದು ಎಳೆಯ ತುದಿಗಳಿಂದ. ಆ ತುದಿಗಳಿರುವುದು ಅಲ್ಲೇ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಉಳಿಯ ಬಾಯಿಯ ಎದುರು ಎಂದೂ ನಿಮ್ಮ ಕೈ ಇರಬಾರದು. ಹಿರಿಯರಿಲ್ಲದೆ ಅದನ್ನು ಮುಟ್ಟಬಾರದು. ಎರಡನೆಯದು ಹಳೆಯ ಬಣ್ಣದ ಹುಡಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣಕ್ಕೆ ನಮ್ಮ ದೇಶದಲ್ಲಿ ಕಟ್ಟುನಿಟ್ಟಾದ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಆದುದರಿಂದ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜದೆ, ಒದ್ದೆ ಮಾಡಿ ಉಜ್ಜಬೇಕು. ಮೂಗು ಬಾಯಿ ಮುಚ್ಚಿಕೊಳ್ಳಬೇಕು, ಚಿಕ್ಕ ಮಕ್ಕಳನ್ನು ದೂರವಿಡಬೇಕು.

ಹತಾರಗಳ ಹೆಸರುಗಳು

ಕನ್ನಡ ಕಲಿಸುವವರಾದ ನಮಗೆ ಆ ಮೂರು ದಿನಗಳಲ್ಲಿ ಇನ್ನೊಂದು ಸಂಗತಿ ಮನಸ್ಸಿಗೆ ಬಂತು. ಬಡಗಿಯವರು "ಕೊಡತಿ ಕೊಡು" ಎಂದಾಗ ಸುತ್ತ ನಿಂತ ಮಕ್ಕಳಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಕೊಡತಿಯೆಂದರೆ ಉಳಿಯ ತಲೆಗೆ ಹೊಡೆಯುವ ಮರದ ಸುತ್ತಿಗೆ. ಬೈರಿಗೆಯೆಂದರೆ ರಂಧ್ರ ಕೊರೆಯುವ ಸಾಧನ. ಕೀಸುಳಿಯೆಂಬ ಪದವನ್ನು ಬಿಡಿಸಿ ನೋಡಿ: ಕೀಸುವ ಉಳಿ. ನಿಜವಾಗಿಯೂ ಅದು ಮರದ ಗೂಡಿನೊಳಗೆ ಓರೆಯಾಗಿ ಕೂತ ಒಂದು ಉಳಿಯೇ. ಹೆಸರಿನಲ್ಲೇ ಅದರ ರಚನೆಯಿದೆ.

ನಮ್ಮ ಊರಿನಲ್ಲಿ ಒಂದೇ ವಸ್ತುವಿಗೆ ಹಲವು ಹೆಸರು ಕೇಳುವ ಭಾಗ್ಯವೂ ಇದೆ. ಕನ್ನಡದಲ್ಲಿ ಬಾಗಿಲು, ತುಳುವಿನಲ್ಲಿ ಬಾಕಿಲ್, ಮಲಯಾಳದಲ್ಲಿ ವಾದಿಲ್. ಉಳಿ ಎರಡು ಭಾಷೆಗಳಲ್ಲೂ ಉಳಿಯೇ. ನಮ್ಮ ಕೀಸುಳಿ ಮಲಯಾಳದ ಬಡಗಿಗೆ ಚಿಂತೇರ್. ಇನ್ನು ಬಿಜಾಗ್ರಿ ಮತ್ತು ಚಾವಿ ಎಂಬ ಪದಗಳು ಪೋರ್ಚುಗೀಸರಿಂದ ಬಂದವು. ಮಲಯಾಳದಲ್ಲಿ ಬಿಜಾಗ್ರಿ ವಿಜಾಗಿರಿಯಾಗಿದೆ. ಲೋಹದ ಬಿಜಾಗ್ರಿ ಬಳಕೆಗೆ ಬರುವ ಮೊದಲಿನ ಬಾಗಿಲುಗಳನ್ನು ನೀವು ಹಳೆಯ ಮನೆಗಳಲ್ಲಿ ನೋಡಿರಬಹುದು. ಕದದ ಮರದಲ್ಲೇ ಮೇಲೊಂದು ಕೆಳಗೊಂದು ಗೂಟ ಬಿಟ್ಟು, ಅವನ್ನು ದಾರಂದದ ಗುಳಿಗಳಲ್ಲಿ ತಿರುಗುವಂತೆ ಕೂರಿಸುತ್ತಿದ್ದರು. ಅಲ್ಲಿ ಕದದ ಭಾರವೆಲ್ಲ ಕೆಳಗಿನ ಗುಳಿಗೆ ಇಳಿಯುತ್ತಿತ್ತು. ಕಿತ್ತುಬರಲು ತಿರುಪುಮೊಳೆಯೇ ಇರಲಿಲ್ಲ.

ನಾವು ಚಿಕ್ಕಂದಿನಲ್ಲಿ ಕನ್ನಡವನ್ನೂ ಮಲಯಾಳವನ್ನೂ ಜೊತೆಯಾಗಿ ಓದಿದವರು. ಎರಡರಲ್ಲೂ ಪ್ರಬಂಧ ಬರೆಯಬಲ್ಲೆವು. ಆದರೆ ಒಂದು ಬಾಗಿಲಿನ ಮುಂದೆ ನಿಂತು ಅದರ ಅಂಗಾಂಗಗಳನ್ನು ಯಾವ ಭಾಷೆಯಲ್ಲೂ ಪೂರ್ತಿ ಹೆಸರಿಸಲು ನಮಗೆ ಬರುತ್ತಿರಲಿಲ್ಲ. ಕೈ ಕೆಲಸ ಬಿಟ್ಟ ಕಡೆ ನಾಲಗೆಯೂ ಪದವನ್ನು ಬಿಡುತ್ತದೆ. ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ: ಮನೆಯಲ್ಲಿ ಬಡಗಿಯೋ ಗಾರೆಯವರೋ ಕೆಲಸ ಮಾಡುವ ದಿನ ಮಕ್ಕಳನ್ನು ಪುಸ್ತಕ ಹಿಡಿದು ಒಳಗೆ ಕೂರು ಎನ್ನಬೇಡಿ. ಹತ್ತಿರ ನಿಂತು ನೋಡಲಿ, ಹತಾರ ಎತ್ತಿಕೊಡಲಿ. ಅದೂ ಪಾಠವೇ.

ಈಗಿನ ಸ್ಥಿತಿ

ದುರಸ್ತಿಯ ನಂತರದ ಒಂದು ಮಳೆಗಾಲವನ್ನು ಆ ಬಾಗಿಲು ದಾಟಿದೆ. ಕದ ಜುಲೈಯಲ್ಲಿ ತುಸು ಬಿಗಿಯಾದರೂ ಹಿಡಿ ಅಲ್ಲಾಡಿಲ್ಲ. ತೇಪೆಗೆ ಬಣ್ಣ ಬಳಿಯದೆ ಎಣ್ಣೆ ಮಾತ್ರ ಕೊಟ್ಟುದರಿಂದ ಅದು ಎದ್ದು ಕಾಣುತ್ತದೆ. ಹಲಸಿನ ಮರ ಹೊಸದಾಗಿ ಕೀಸಿದಾಗ ಹಳದಿ. ಬೆಳಕು ತಾಗುತ್ತ ವರ್ಷಗಳು ಕಳೆದಂತೆ ಕಂದಾಗುತ್ತದೆ. ಕಂದು ಬಾಗಿಲಿನಲ್ಲಿ ಆ ಹಳದಿ ದೋಣಿಯನ್ನು ಕಂಡು ಹೊಸದಾಗಿ ಸೇರಿದ ಮಕ್ಕಳು ಏನೆಂದು ಕೇಳುತ್ತಾರೆ. ಉತ್ತರ ಹೇಳುವವನು ಈಗ ಒಂಬತ್ತನೆಯ ತರಗತಿಯಲ್ಲಿರುವ ಅದೇ ಹುಡುಗ. ಸೀಮೆಸುಣ್ಣದ ಆ ಹನ್ನೊಂದು ಸಲದಲ್ಲಿ ನಾಲ್ಕು ಸಲ ತೇಪೆಯನ್ನು ಒತ್ತಿ ನೋಡಿದವನು ಅವನೇ.

ಮನೆಯಲ್ಲಿ ಮಾಡಿ ನೋಡಿ

1. ನಿಮ್ಮ ಮನೆಯ ಬಾಗಿಲನ್ನು ಅರ್ಧ ತೆರೆದು, ಹೊರ ಅಂಚನ್ನು ಮೆಲ್ಲನೆ ಮೇಲಕ್ಕೆ ಎತ್ತಿ. ಯಾವ ಬಿಜಾಗ್ರಿ ಅಲ್ಲಾಡುತ್ತದೆ?

2. ಬಾಗಿಲಿಗೂ ದಾರಂದಕ್ಕೂ ನಡುವಿನ ಸಂದನ್ನು ಮಾರ್ಚಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಅಳೆದು ಬರೆದಿಡಿ. ವ್ಯತ್ಯಾಸವೆಷ್ಟು?

3. ಹಿಡಿಯಿಂದ ತಳ್ಳಿ ಬಾಗಿಲು ಮುಚ್ಚಿ. ಅನಂತರ ಬಿಜಾಗ್ರಿಯಿಂದ ಒಂದು ಗೇಣು ದೂರದಲ್ಲಿ ತಳ್ಳಿ ಮುಚ್ಚಿ. ಎಲ್ಲಿ ಹೆಚ್ಚು ಬಲ ಬೇಕಾಯಿತು? ಏಕೆ?

4. ಬಾಗಿಲಿನ ಭಾಗಗಳ ಮತ್ತು ಬಡಗಿಯ ಹತಾರಗಳ ಹೆಸರನ್ನು ಮನೆಯ ಹಿರಿಯರಿಂದ ಕೇಳಿ, ನಿಮ್ಮ ಮನೆಮಾತಿನಲ್ಲೂ ಕನ್ನಡದಲ್ಲೂ ಪಟ್ಟಿ ಮಾಡಿ ತನ್ನಿ.